ಶ್ರೀಶೈಲ ಪಾದಯಾತ್ರೆಯಲ್ಲಿ ನೀರು: ಎಷ್ಟು, ಯಾವಾಗ, ಯಾವುದರೊಂದಿಗೆ

ಯುಗಾದಿ ಹತ್ತಿರವಾಗುತ್ತಿದ್ದಂತೆ ಬಾಗಲಕೋಟೆ, ವಿಜಯಪುರ, ಬೆಳಗಾವಿ, ಗದಗ ಕಡೆಯ ಊರುಗಳಲ್ಲಿ ಮಲ್ಲಯ್ಯನ ಕಂಬಿಯೊಂದಿಗೆ (ಹೆಗಲ ಮೇಲೆ ಹೊರುವ ಕಾವಡಿ) ಶ್ರೀಶೈಲಕ್ಕೆ ನಡೆದು ಹೋಗುವವರ ತಯಾರಿ ಆರಂಭವಾಗುತ್ತದೆ. ಜೊತೆಗೆ, ಪ್ರತಿವರ್ಷ ಓದುಗರು ಕೇಳುವ ಪ್ರಶ್ನೆಯೂ ಮತ್ತೆ ಬರುತ್ತದೆ: ‘ಬಿಸಿಲಿನಲ್ಲಿ ದಿನಕ್ಕೆ ಎಷ್ಟು ಲೀಟರ್ ನೀರು ಕುಡಿಯಬೇಕು?’ ಒಂದು ಅಂಕಿ ಹೇಳಿ ಮುಗಿಸುವುದು ಸುಲಭ. ಆದರೆ ಬರಿಗೈಯಲ್ಲಿ ನಿಧಾನವಾಗಿ ನಡೆಯುವ ಅರವತ್ತೈದರ ಅಜ್ಜಿಗೂ ಹೆಗಲ ಮೇಲೆ ಕಂಬಿ ಹೊತ್ತು ನಡೆಯುವ ಇಪ್ಪತ್ತೈದರ ಮೊಮ್ಮಗನಿಗೂ ಹೊಂದುವ ಅಂಕಿ ಇಲ್ಲ. ನಿಮ್ಮ ಅಂಕಿಯನ್ನು ನೀವೇ ಅಳೆದುಕೊಳ್ಳುವ ಬಗೆಯನ್ನೂ, ಅಳೆದದ್ದನ್ನು ದಾರಿಯಲ್ಲಿ ಪಾಲಿಸುವ ಕ್ರಮವನ್ನೂ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ಈ ದಾರಿಯ ಗುಣ ತಿಳಿದಿರಬೇಕು. ಲಿಂಗಸುಗೂರು ದಾಟಿ ರಾಯಚೂರು, ಕರ್ನೂಲು, ಆತ್ಮಕೂರುಗಳ ಕಡೆಗೆ ಸಾಗುವಾಗ ಸಿಗುವುದು ಬೆಳೆ ಕೊಯ್ದು ಬರಿದಾದ ಎರೆಹೊಲ, ಕಾದ ಡಾಂಬರು, ಮೈಲಿಗೊಂದು ಬೇವಿನ ಮರ. ಮಾರ್ಚ್ ಕೊನೆಯ ಹೊತ್ತಿಗೆ ಇಲ್ಲಿ ಮಧ್ಯಾಹ್ನದ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಬಂದಿರುತ್ತದೆ. ಗಾಳಿ ಒಣಗಿರುವುದರಿಂದ ಬೆವರು ಚರ್ಮದ ಮೇಲೆ ನಿಲ್ಲದೆ ಕೂಡಲೇ ಆರಿಹೋಗುತ್ತದೆ. ಕರಾವಳಿಯಲ್ಲಿ ಅರ್ಧ ಗಂಟೆ ನಡೆದರೆ ಅಂಗಿ ಒದ್ದೆಯಾಗಿ ಬೆವರಿನ ಲೆಕ್ಕ ಕಣ್ಣಿಗೆ ಕಾಣುತ್ತದೆ. ಇಲ್ಲಿ ಲೀಟರ್‌ಗಟ್ಟಲೆ ಬೆವರು ಹೋಗಿದ್ದರೂ ಅಂಗಿ ಒಣಗಿಯೇ ಇರುತ್ತದೆ. ಸಂಜೆ ಬನಿಯನ್ ಬಿಚ್ಚಿದಾಗ ಬೆನ್ನಿನ ಮೇಲೆ ಸುಣ್ಣದ ಗೆರೆಯಂತೆ ಬೆಳ್ಳಗೆ ಉಪ್ಪು ಕಾಣುತ್ತದೆ. ‘ನನಗೆ ಅಷ್ಟೇನೂ ಬೆವರು ಬರುವುದಿಲ್ಲ’ ಎನ್ನುವವರು ಆ ಗೆರೆಯನ್ನು ಒಮ್ಮೆ ನೋಡಿಕೊಳ್ಳಬೇಕು.

1. ಹೊರಡುವ ಎರಡು ವಾರ ಮೊದಲು: ಮೈಯನ್ನು ಬಿಸಿಲಿಗೆ ಒಗ್ಗಿಸಿ

ಬಿಸಿಲಿಗೆ ಒಗ್ಗಿಕೊಳ್ಳಲು ದೇಹಕ್ಕೆ ಒಂದರಿಂದ ಎರಡು ವಾರ ಬೇಕು. ಒಗ್ಗಿದ ದೇಹ ಬೇಗ ಬೆವರಲು ಆರಂಭಿಸುತ್ತದೆ ಮತ್ತು ಬೆವರಿನಲ್ಲಿ ಉಪ್ಪನ್ನು ಕಡಿಮೆ ಬಿಡುತ್ತದೆ. ವರ್ಷವಿಡೀ ಹೊಲದಲ್ಲಿ ದುಡಿಯುವವರಿಗೆ ಈ ಹಂತ ಬೇಕಿಲ್ಲ. ಬೆಂಗಳೂರು, ಪುಣೆಗಳ ಕಚೇರಿಯಿಂದ ರಜೆ ಹಾಕಿ ನೇರವಾಗಿ ಬಂದು ಕಂಬಿಯ ಜೊತೆ ಸೇರಿಕೊಳ್ಳುವವರಿಗೆ ಇದು ಅತ್ಯಗತ್ಯ. ಅಂಥವರು ದಿನವೂ ಸಂಜೆ ನಾಲ್ಕರ ಬಿಸಿಲಿನಲ್ಲಿ ಅರ್ಧ ಗಂಟೆಯಿಂದ ಆರಂಭಿಸಿ ಒಂದು, ಒಂದೂವರೆ ಗಂಟೆಯವರೆಗೆ ನಡೆಯುವ ರೂಢಿ ಮಾಡಿಕೊಳ್ಳಬೇಕು. ಒಗ್ಗಿದ ದೇಹಕ್ಕೆ ನೀರು ಕಡಿಮೆ ಸಾಕು ಎಂಬ ನಂಬಿಕೆ ಹಲವರಲ್ಲಿದೆ. ಬೆವರು ಹೆಚ್ಚುವುದರಿಂದ ನೀರು ಹೆಚ್ಚೇ ಬೇಕಾಗುತ್ತದೆ.

ಇದೇ ಅವಧಿಯಲ್ಲಿ ವೈದ್ಯರನ್ನು ಕಾಣಬೇಕಾದವರು ಕಾಣಲಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದಾಗಿ ನೀರಿನ ಮಿತಿ ಹಾಕಿಸಿಕೊಂಡವರು, ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರು, ಮಧುಮೇಹಿಗಳು ಮತ್ತು ಗರ್ಭಿಣಿಯರು ಈ ಲೇಖನದ ಯಾವ ಅಂಕಿಯನ್ನೂ ವೈದ್ಯರ ಒಪ್ಪಿಗೆಯಿಲ್ಲದೆ ಪಾಲಿಸಬಾರದು. ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಲೂಬಾರದು.

2. ನಿಮ್ಮ ಬೆವರನ್ನು ಅಳೆಯಿರಿ

ಇದಕ್ಕೆ ಬೇಕಾದದ್ದು ಒಂದು ತೂಕದ ಯಂತ್ರ ಮತ್ತು ಒಂದು ಲೀಟರ್ ಬಾಟಲಿ, ಅಷ್ಟೇ. ಮೂತ್ರ ವಿಸರ್ಜಿಸಿ, ಕನಿಷ್ಠ ಬಟ್ಟೆಯಲ್ಲಿ ತೂಕ ನೋಡಿಕೊಳ್ಳಿ. ಯಾತ್ರೆಯ ವೇಗದಲ್ಲಿ ಒಂದು ಗಂಟೆ ಬಿಸಿಲಿನಲ್ಲಿ ನಡೆಯಿರಿ. ನಡುವೆ ಎಷ್ಟು ನೀರು ಕುಡಿದಿರಿ ಎಂಬುದನ್ನು ಗುರುತಿಟ್ಟುಕೊಳ್ಳಿ. ಮರಳಿ ಬಂದು ಬೆವರು ಒರೆಸಿಕೊಂಡು, ಅದೇ ಬಟ್ಟೆಯಲ್ಲಿ ಮತ್ತೆ ತೂಕ ನೋಡಿ. ಇಳಿದ ಒಂದು ಕಿಲೋ ತೂಕವೆಂದರೆ ಸರಿಸುಮಾರು ಒಂದು ಲೀಟರ್ ನೀರು. ಹೋಗುವಾಗ 64 ಕೆ.ಜಿ. ಇದ್ದು, ದಾರಿಯಲ್ಲಿ ಅರ್ಧ ಲೀಟರ್ ಕುಡಿದು, ಬಂದಾಗ 63.7 ಇದ್ದರೆ, ನೀವು ಕಳೆದುಕೊಂಡದ್ದು 300 ಮಿ.ಲೀ. ಮತ್ತು ಕುಡಿದ 500 ಮಿ.ಲೀ. ಸೇರಿ ಗಂಟೆಗೆ 800 ಮಿ.ಲೀ. ಬಿಸಿಲಿನಲ್ಲಿ ನಡೆಯುವ ಹೆಚ್ಚಿನವರಿಗೆ ಇದು ಅರ್ಧ ಲೀಟರ್‌ನಿಂದ ಒಂದು ಲೀಟರ್ ನಡುವೆ ಬರುತ್ತದೆ. ಕೆಲವರಿಗೆ ಅದಕ್ಕೂ ಹೆಚ್ಚು.

ಕಳೆದುಕೊಂಡ ಅಷ್ಟನ್ನೂ ನಡೆಯುತ್ತಲೇ ತುಂಬಿಕೊಳ್ಳಬೇಕಾಗಿಲ್ಲ. ಮುಕ್ಕಾಲು ಭಾಗದಷ್ಟು ದಾರಿಯಲ್ಲಿ, ಉಳಿದದ್ದನ್ನು ತಂಗುವಲ್ಲಿ ಕುಡಿದರೆ ಸಾಕು. ಆದರೆ ನಿಮ್ಮ ಬೆವರಿಗಿಂತ ಹೆಚ್ಚು ಕುಡಿಯಬೇಡಿ, ಮತ್ತು ಯಾವ ಕಾರಣಕ್ಕೂ ಗಂಟೆಗೆ ಒಂದೂಕಾಲು ಲೀಟರ್ ದಾಟಬೇಡಿ. ಕಾರಣ ಆರನೆಯ ಹಂತದಲ್ಲಿದೆ.

ಇನ್ನೊಂದು ಅಳತೆ: ನಿಮ್ಮ ಒಂದು ಗುಟುಕು ಎಷ್ಟು? ಲೀಟರ್ ಬಾಟಲಿಯೊಂದನ್ನು ದಿನದಲ್ಲಿ ಖಾಲಿ ಮಾಡುತ್ತಾ ಗುಟುಕುಗಳನ್ನು ಎಣಿಸಿ. ನನ್ನದು 32 ಬಂತು, ಅಂದರೆ ಎಂಟು ಗುಟುಕಿಗೆ ಕಾಲು ಲೀಟರ್. ದಾರಿಯಲ್ಲಿ ಬಾಟಲಿಯ ಗೆರೆ ನೋಡುತ್ತ ನಿಲ್ಲುವುದಕ್ಕಿಂತ ಗುಟುಕು ಎಣಿಸುವುದು ಎಷ್ಟೋ ಸುಲಭ.

3. ಸಾಮಗ್ರಿ ಹೊಂದಿಸಿಕೊಳ್ಳಿ

ತಲಾ ಒಂದು ಲೀಟರ್‌ನ ಎರಡು ಬಾಟಲಿ ಸದಾ ಜೊತೆಗಿರಲಿ. ಮೂರನೆಯದು ಕಾಡಿನ ದಾರಿಗಾಗಿ ಖಾಲಿಯಾಗಿಯೇ ಚೀಲದಲ್ಲಿರಲಿ. ಒಂದು ಲೀಟರ್ ನೀರೆಂದರೆ ಒಂದು ಕಿಲೋ ಭಾರ ಎಂಬುದು ನೆನಪಿರಲಿ. ಬಾಟಲಿಗೆ ಹತ್ತಿಯ ಹಳೆ ಕಾಲುಚೀಲವನ್ನೋ ಗೋಣಿಯ ತುಂಡನ್ನೋ ತೊಡಿಸಿ ಒದ್ದೆ ಮಾಡಿದರೆ, ಒಣಗಾಳಿಯಲ್ಲಿ ತೇವ ಆರುತ್ತಾ ಒಳಗಿನ ನೀರನ್ನು ತಂಪಾಗಿಡುತ್ತದೆ. ಮಣ್ಣಿನ ಮಡಕೆಯ ನೀರು ತಂಪಾಗುವುದೂ ಹೀಗೆಯೇ. ಇದು ಶೋಕಿಯ ಮಾತಲ್ಲ: ಚಹಾದಂತೆ ಬಿಸಿಯಾದ ನೀರನ್ನು ಯಾರೂ ಬೇಕಾದಷ್ಟು ಕುಡಿಯುವುದಿಲ್ಲ.

ಓಆರ್‌ಎಸ್ ಪೊಟ್ಟಣಗಳನ್ನು ಒಬ್ಬರಿಗೆ ದಿನಕ್ಕೆ ಎರಡರಂತೆ ಇಟ್ಟುಕೊಳ್ಳಿ. ಓಆರ್‌ಎಸ್ ಎಂದರೆ ಉಪ್ಪು, ಗ್ಲೂಕೋಸ್, ಪೊಟ್ಯಾಸಿಯಂ ಮತ್ತು ಸಿಟ್ರೇಟ್‌ಗಳನ್ನು ನಿರ್ದಿಷ್ಟ ಪ್ರಮಾಣದಲ್ಲಿ ಬೆರೆಸಿದ ಪುಡಿ; ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್‌ಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಕರುಳು ಗ್ಲೂಕೋಸಿನ ಜೊತೆ ಉಪ್ಪನ್ನೂ, ಅದರ ಜೊತೆ ನೀರನ್ನೂ ಒಳಗೆ ಎಳೆದುಕೊಳ್ಳುವುದರಿಂದ ಈ ಪ್ರಮಾಣಕ್ಕೆ ಮಹತ್ವವಿದೆ. ಇಲ್ಲಿ ಮೂರು ತಪ್ಪುಗಳು ಮತ್ತೆ ಮತ್ತೆ ಆಗುತ್ತವೆ. ಒಂದು ಲೀಟರ್‌ಗೆ ಬೆರೆಸಬೇಕಾದ ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿಯುತ್ತಾರೆ. ಅದು ತೀರಾ ಉಪ್ಪಾಗಿ ಬಾಯಾರಿಕೆಯನ್ನು ಹೆಚ್ಚಿಸುತ್ತದೆ, ಹೊಟ್ಟೆಯನ್ನೂ ಕೆಡಿಸುತ್ತದೆ. ಔಷಧದಂಗಡಿಯಲ್ಲಿ ಸಿಗುವ ಬರೀ ಗ್ಲೂಕೋಸ್ ಪುಡಿಯನ್ನೇ ಓಆರ್‌ಎಸ್ ಎಂದು ತಿಳಿಯುತ್ತಾರೆ. ಅದರಲ್ಲಿ ಸಕ್ಕರೆಯಿದೆ, ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಹಾಗೆಯೇ ಬಣ್ಣದ ಡಬ್ಬಿಯ ಸಿಹಿ ಪಾನೀಯವನ್ನು ಕೊಳ್ಳುತ್ತಾರೆ. ಸೂತ್ರಕ್ಕೆ ಹೊಂದದ ಪಾನೀಯಗಳು ಹೆಸರಿನಲ್ಲಿ ‘ಓಆರ್‌ಎಸ್’ ಪದ ಬಳಸಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಆದರೂ ಕೊಳ್ಳುವ ಮುನ್ನ ಪೊಟ್ಟಣದ ಮೇಲಿನ ಪ್ರಮಾಣವನ್ನು ಓದಿ ನೋಡುವುದು ಒಳ್ಳೆಯದು.

ಪೊಟ್ಟಣ ತೀರಿದರೆ ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಹಾಕಿ ಕದಡಿ. ಬೆರೆಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದದ್ದನ್ನು ಚೆಲ್ಲಿಬಿಡಿ. ಇವುಗಳ ಜೊತೆ ಕ್ಲೋರಿನ್ ಗುಳಿಗೆ, ಸೋಸಲು ಮಡಚಿದ ಹತ್ತಿ ಬಟ್ಟೆ, ಅಗಲವಾದ ಟವೆಲ್ ಇರಲಿ.

4. ನಡೆಯುವ ಹೊತ್ತನ್ನು ಬದಲಿಸಿ

ಹೊರಬಾರದ ಬೆವರನ್ನು ತುಂಬಿಕೊಳ್ಳುವ ಪ್ರಮೇಯವೇ ಇಲ್ಲ. ಹಿರಿಯ ಯಾತ್ರಿಕರು ಕೋಳಿ ಕೂಗುವ ಮೊದಲೇ ಏಳುವುದು ಈ ಲೆಕ್ಕದಿಂದಲೇ. ನಸುಕಿನ ನಾಲ್ಕಕ್ಕೆ ಹೊರಟು ಹತ್ತು, ಹತ್ತೂವರೆಗೆ ನೆರಳು ಹಿಡಿಯಿರಿ. ಸಂಜೆ ನಾಲ್ಕೂವರೆಯ ನಂತರ ಮತ್ತೆ ಹೊರಡಿ. ಕತ್ತಲಲ್ಲಿ ಹೆದ್ದಾರಿಯ ಅಂಚಿನಲ್ಲಿ ನಡೆಯುವಾಗ ಟಾರ್ಚ್ ಮತ್ತು ಬೆಳಕಿಗೆ ಹೊಳೆಯುವ ಪಟ್ಟಿ ಇರಲೇಬೇಕು. ‘ಇನ್ನೆರಡು ಕಿಲೋಮೀಟರ್ ನಡೆದರೆ ದಾಸೋಹ ಸಿಗುತ್ತದೆ’ ಎಂದು ಹನ್ನೊಂದರ ಬಿಸಿಲಿನಲ್ಲಿ ಕಾಲು ಹಾಕುವುದು ಮಾಮೂಲಿ ತಪ್ಪು.

ಟವೆಲನ್ನು ಒದ್ದೆ ಮಾಡಿ ತಲೆ ಮತ್ತು ಕತ್ತಿನ ಹಿಂಭಾಗ ಮುಚ್ಚುವಂತೆ ಸುತ್ತಿಕೊಳ್ಳಿ. ಕುಡಿಯಲು ಯೋಗ್ಯವಲ್ಲದ ಕೆರೆ-ಬಾವಿಯ ನೀರು ಈ ಕೆಲಸಕ್ಕೆ ಸಾಕು.

5. ಕಿಲೋಮೀಟರ್ ಕಲ್ಲಿನ ಲೆಕ್ಕದಲ್ಲಿ ಕುಡಿಯಿರಿ

ಹೊರಡುವ ಒಂದೆರಡು ಗಂಟೆ ಮೊದಲು ಎರಡು ಲೋಟದಷ್ಟು ನೀರು ಕುಡಿಯಿರಿ. ಎದ್ದ ಕೂಡಲೇ ಹೊರಡುವ ರೂಢಿಯಿದ್ದರೆ ಮಲಗುವ ಮುಂಚೆ ಒಂದು ಲೋಟ, ಎದ್ದ ಮೇಲೆ ಒಂದು ಲೋಟ. ಹೊರಡುವಾಗ ಒಂದೂವರೆ ಲೀಟರ್ ಹೊಟ್ಟೆಗೆ ಸುರಿದುಕೊಂಡರೆ ಒಂಟೆಯಂತೆ ಕೂಡಿಟ್ಟುಕೊಳ್ಳಬಹುದೆಂದು ಭಾವಿಸಬೇಡಿ. ಮುಂದಿನ ಒಂದೆರಡು ಗಂಟೆಯಲ್ಲೇ ಹೆಚ್ಚಿನದು ಮೂತ್ರವಾಗಿ ಹೋಗುತ್ತದೆ.

ನಡೆಯುವಾಗ ಗಡಿಯಾರ ನೋಡುವುದು ನೆನಪಿರುವುದಿಲ್ಲ. ರಸ್ತೆ ಬದಿಯ ಕಲ್ಲು ಮಾತ್ರ ಕಣ್ಣಿಗೆ ಬೀಳದೆ ಇರುವುದಿಲ್ಲ, ಏಕೆಂದರೆ ದಣಿದವರೆಲ್ಲ ಅದನ್ನೇ ಕಾಯುತ್ತಿರುತ್ತಾರೆ. ಗಂಟೆಗೆ ನಾಲ್ಕರಿಂದ ಐದು ಕಿಲೋಮೀಟರ್ ನಡೆಯುವವರಿಗೆ ಎರಡು ಕಲ್ಲು ದಾಟಲು ಸುಮಾರು ಅರ್ಧ ಗಂಟೆ. ತಂಪು ಹೊತ್ತಿನಲ್ಲಿ ಎರಡು ಕಲ್ಲಿಗೊಮ್ಮೆ ಕಾಲು ಲೀಟರ್, ಬಿಸಿಲೇರಿದ ಮೇಲೆ ಪ್ರತಿ ಕಲ್ಲಿಗೂ ಐದಾರು ಗುಟುಕು ಕುಡಿಯಿರಿ. ನಿಮ್ಮ ಎರಡನೆಯ ಹಂತದ ಅಳತೆಯಂತೆ ಇದನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಿ. ಒಂದು ಗಂಟೆ ಏನೂ ಕುಡಿಯದೆ ನಡೆದು, ಅರವಟ್ಟಿಗೆಯ ಮುಂದೆ ನಿಂತು ಒಂದೇ ಉಸಿರಿಗೆ ಮುಕ್ಕಾಲು ಲೀಟರ್ ಕುಡಿದರೆ ಹೊಟ್ಟೆ ಉಬ್ಬಿ ವಾಂತಿಯಾಗುವ ಸಂಭವ ಹೆಚ್ಚು.

ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ, ಮಂದವಾಗಿ ತಿಳಿಯುತ್ತದೆ. ಅವರನ್ನು ‘ನೀರು ಬೇಕಾ?’ ಎಂದು ಕೇಳಿದರೆ ಬೇಡ ಎನ್ನುತ್ತಾರೆ. ಕಲ್ಲು ಬಂದಾಗ ಬಾಟಲಿಯ ಮುಚ್ಚಳ ತೆಗೆದು ಕೈಗೇ ಕೊಡಿ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ದಾರಿಯಲ್ಲಿ ಶೌಚಾಲಯವಿಲ್ಲವೆಂದು ಬೇಕೆಂದೇ ನೀರು ಕುಡಿಯುವುದನ್ನು ಬಿಡುವವರು ಬಹಳ. ಇದರಿಂದ ಉರಿಮೂತ್ರದಿಂದ ಹಿಡಿದು ತಲೆಸುತ್ತಿನವರೆಗೆ ಎಲ್ಲವೂ ಬರುತ್ತದೆ, ಮತ್ತು ತಂಡದ ಗಂಡಸರಿಗೆ ಕಾರಣವೇ ಗೊತ್ತಾಗುವುದಿಲ್ಲ. ತಂಗುವ ಸ್ಥಳವನ್ನು ಆರಿಸುವಾಗ ಶೌಚಾಲಯವಿರುವ ಶಾಲೆ, ಪೆಟ್ರೋಲ್ ಬಂಕ್, ಗುಡಿಗಳನ್ನು ಮೊದಲೇ ಗುರುತು ಮಾಡಿ ಎಲ್ಲರಿಗೂ ತಿಳಿಸುವುದು ತಂಡ ಕಟ್ಟಿದವರ ಹೊಣೆ. ಹಾಗೆಯೇ ನೀರನ್ನೂ ಮುಟ್ಟದ ಉಪವಾಸದ ಹರಕೆಯನ್ನು ನಡೆಯುವ ದಿನಗಳಲ್ಲಿ ಇಟ್ಟುಕೊಳ್ಳಬೇಡಿ. ತಂಗುವ ದಿನಕ್ಕೆ ಇಟ್ಟುಕೊಳ್ಳಿ.

6. ಉಪ್ಪನ್ನು ಮರೆಯಬೇಡಿ

ಬೆವರಿನಲ್ಲಿ ನೀರಿನ ಜೊತೆ ಹೋಗುವ ಸೋಡಿಯಂ, ಪೊಟ್ಯಾಸಿಯಂ ಮುಂತಾದ ಲವಣಗಳನ್ನು ಎಲೆಕ್ಟ್ರೊಲೈಟ್ ಎನ್ನುತ್ತಾರೆ. ಇವುಗಳಲ್ಲಿ ಹೆಚ್ಚು ಹೋಗುವುದು ಸೋಡಿಯಂ, ಅಂದರೆ ನಮ್ಮ ಅಡುಗೆ ಉಪ್ಪಿನ ಅಂಶ. ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ವ್ಯತ್ಯಾಸವಿದ್ದರೂ, ಒಂದು ಲೀಟರ್ ಬೆವರಿನಲ್ಲಿ ಸುಮಾರು ಅರ್ಧ ಟೀ ಚಮಚ ಉಪ್ಪು ಹೋಗುತ್ತದೆಂದು ಲೆಕ್ಕ ಹಿಡಿಯಬಹುದು. ಇಷ್ಟು ಉಪ್ಪು ಹೋದ ಮೇಲೆ ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯುತ್ತಾ ಹೋದರೆ ರಕ್ತದಲ್ಲಿನ ಸೋಡಿಯಂ ತೆಳುವಾಗುತ್ತದೆ. ವೈದ್ಯರು ಇದನ್ನು ಹೈಪೊನಾಟ್ರೀಮಿಯಾ ಎನ್ನುತ್ತಾರೆ. ತೀವ್ರವಾದರೆ ಮೆದುಳು ಊದಿಕೊಂಡು ಪ್ರಾಣಕ್ಕೇ ಅಪಾಯ. ‘ನೀರು ಎಷ್ಟು ಕುಡಿದರೂ ಒಳ್ಳೆಯದೇ’ ಎಂಬ ಮಾತನ್ನು ನಾನೂ ನಂಬಿದ್ದೆ. ಮೊದಲ ಯಾತ್ರೆಯ ಮೂರನೆಯ ದಿನ ಹೊಟ್ಟೆ ತೊಳಸಿ, ಬೆರಳಿನ ಉಂಗುರ ಬಿಗಿಯಾಗಿ ಕೂತಾಗ ಆ ನಂಬಿಕೆ ಹೋಯಿತು.

ನಮ್ಮ ಊಟದ ರೂಢಿಯಲ್ಲೇ ಇದಕ್ಕೆ ಒಳ್ಳೆಯ ಉಪಾಯಗಳಿವೆ. ಉಪ್ಪು ಹಾಕಿದ ತೆಳು ಮಜ್ಜಿಗೆ, ಜೋಳದ ಅಂಬಲಿ, ಉಪ್ಪು-ಸಕ್ಕರೆ ಬೆರೆತ ಲಿಂಬು ಶರಬತ್ತು ಎಲ್ಲವೂ ಉತ್ತಮ. ದಿನಕ್ಕೆ ಕುಡಿಯುವ ಪ್ರತಿ ಮೂರು ಲೀಟರ್‌ನಲ್ಲಿ ಒಂದು ಲೀಟರ್ ಇಂಥದ್ದಿರಲಿ ಅಥವಾ ಓಆರ್‌ಎಸ್ ಇರಲಿ. ದಾಸೋಹದಲ್ಲಿ ಎರಡು ಹೊತ್ತು ಸರಿಯಾಗಿ ಊಟ ಮಾಡುವವರಿಗೆ ಸಾರು, ಪಲ್ಯ, ಚಟ್ನಿಗಳಿಂದ ಬಹುಪಾಲು ಉಪ್ಪು ಸಿಗುತ್ತದೆ. ಬರೀ ಬಾಳೆಹಣ್ಣು, ಬೆಲ್ಲದಲ್ಲಿ ದಿನ ದೂಡುವವರಿಗೆ ಸಿಗುವುದಿಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳವಾಗಿದ್ದರೂ ಸೋಡಿಯಂ ಕಡಿಮೆ, ಆದ್ದರಿಂದ ಅದೊಂದನ್ನೇ ನಂಬಬೇಡಿ. ಕಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ದಾರಿಗೆ ಬಲು ಅನುಕೂಲವಾದ ಬುತ್ತಿ. ಆದರೆ ರೊಟ್ಟಿಯಲ್ಲಿ ನೀರಿನಂಶವೇ ಇಲ್ಲವಾದ್ದರಿಂದ ಅದನ್ನು ಮಜ್ಜಿಗೆಯಲ್ಲಿ ನೆನೆಸಿ ತಿನ್ನುವುದು ಲೇಸು. ಚಹಾ ಕುಡಿದರೆ ಮೈ ಒಣಗುತ್ತದೆಂಬ ಭಯ ಬೇಡ. ಎರಡು ಮೂರು ಕಪ್ಪಿನಿಂದ ಹಾನಿಯಿಲ್ಲ.

ಬಾಯಿಗೆ ಬರೀ ಉಪ್ಪಿನ ಹರಳು ಹಾಕಿಕೊಂಡು ನಡೆಯುವುದನ್ನೂ ಕಂಡಿದ್ದೇನೆ. ಅದು ಹೊಟ್ಟೆ ಕೆಡಿಸುತ್ತದೆ. ಉಪ್ಪು ನೀರಿನಲ್ಲಿ ಕರಗಿಯೇ ಒಳಗೆ ಹೋಗಲಿ.

7. ದಾರಿಯ ನೀರನ್ನು ಪರೀಕ್ಷಿಸದೆ ಕುಡಿಯಬೇಡಿ

ಭೇದಿ ಹತ್ತಿದರೆ ಇಷ್ಟರವರೆಗಿನ ಲೆಕ್ಕವೆಲ್ಲ ಒಂದೇ ರಾತ್ರಿಯಲ್ಲಿ ಮಣ್ಣುಪಾಲು. ಹಳ್ಳಿಯವರು ಭಕ್ತಿಯಿಂದ ಇಟ್ಟ ಅರವಟ್ಟಿಗೆಯ ನೀರು ಸಾಮಾನ್ಯವಾಗಿ ಶುದ್ಧ ಕುಡಿಯುವ ನೀರಿನ ಘಟಕದ್ದಾಗಿರುತ್ತದೆ. ಎಲ್ಲಿಂದ ತಂದದ್ದೆಂದು ಕೇಳುವುದರಲ್ಲಿ ತಪ್ಪಿಲ್ಲ. ಹಂಡೆಯೊಳಗೆ ನೂರಾರು ಕೈ ಅದ್ದಿದ ಚರಿಗೆಯಿಂದ ಕುಡಿಯುವ ಬದಲು, ನಿಮ್ಮ ಬಾಟಲಿಗೆ ಮೇಲಿಂದ ಹಾಕಿಸಿಕೊಳ್ಳಿ.

ಅನುಮಾನವಿದ್ದ ನೀರನ್ನು ಮಡಚಿದ ಬಟ್ಟೆಯಲ್ಲಿ ಸೋಸಿ, ಕ್ಲೋರಿನ್ ಗುಳಿಗೆ ಹಾಕಿ ಅರ್ಧ ಗಂಟೆ ಬಿಡಿ. ಗುಳಿಗೆಗಳು ಒಂದು ಲೀಟರ್‌ಗೆ, ಇಪ್ಪತ್ತು ಲೀಟರ್‌ಗೆ ಎಂದು ಬೇರೆ ಬೇರೆ ಅಳತೆಯಲ್ಲಿ ಬರುತ್ತವೆ, ಚೀಟಿ ಓದಿಯೇ ಬಳಸಿ. ಸೌದೆ ಇದ್ದರೆ ಒಂದು ನಿಮಿಷ ಕುದಿಸಿ ಆರಿಸಿದರೂ ಸಾಕು.

ಎರಡು ಜಾಗ ಮೋಸ ಮಾಡುತ್ತವೆ. ಸಿಂಧನೂರು, ಮಾನ್ವಿ ಕಡೆಯಿಂದ ಬರುವವರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ತಿಳಿಯಾಗಿ ಕಂಡು ಆಸೆ ಹುಟ್ಟಿಸುತ್ತದೆ. ಭತ್ತ, ಮೆಣಸಿನಕಾಯಿಗೆ ಔಷಧ ಹೊಡೆಯುವ ಸೀಮೆಯಲ್ಲಿ ಆ ವಿಷ ಕ್ಲೋರಿನ್‌ನಿಂದಾಗಲಿ ಕುದಿಸುವುದರಿಂದಾಗಲಿ ಹೋಗುವುದಿಲ್ಲ, ಅದನ್ನು ಕುಡಿಯಬೇಡಿ. ಇನ್ನೊಂದು ಬೋರ್‌ವೆಲ್‌ನ ಸವಳು ನೀರು. ಹೇಗೂ ಉಪ್ಪಾಗಿದೆ, ಓಆರ್‌ಎಸ್ ಉಳಿಯಿತು ಎಂದುಕೊಳ್ಳುವವರಿದ್ದಾರೆ. ಅದರಲ್ಲಿರುವುದು ಬೇರೆ ಬೇರೆ ಲವಣಗಳ ಮಿಶ್ರಣ. ಹೆಚ್ಚು ಕುಡಿದರೆ ಹೊಟ್ಟೆ ಸಡಿಲವಾಗುತ್ತದೆ.

8. ನಲ್ಲಮಲದ ಕಾಡಿನ ದಾರಿ

ಆತ್ಮಕೂರಿನ ನಂತರ ವೆಂಕಟಾಪುರದಿಂದ ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಲನು ಮಾರ್ಗವಾಗಿ ಕೈಲಾಸದ್ವಾರ ತಲುಪುವ ಕಾಲುದಾರಿ ಹುಲಿ ಸಂರಕ್ಷಿತ ಅರಣ್ಯದೊಳಗೆ ಸಾಗುತ್ತದೆ. ಅರಣ್ಯ ಇಲಾಖೆ ಅನುಮತಿಸಿದ ದಿನಗಳಲ್ಲಿ ಮಾತ್ರ ಹೋಗಿ. ಜಾತ್ರೆಯ ಹೊತ್ತಿಗೆ ಅಲ್ಲಲ್ಲಿ ನೀರಿನ ವ್ಯವಸ್ಥೆ ಇರುತ್ತದೆ, ಆದರೆ ಜನಜಂಗುಳಿಯಲ್ಲಿ ತೊಟ್ಟಿ ಖಾಲಿಯಾಗಿ ಮತ್ತೆ ತುಂಬುವವರೆಗೆ ಕಾಯುವ ಸ್ಥಿತಿಯೂ ಬರುತ್ತದೆ. ಆದ್ದರಿಂದ ಕಾಡು ಹೊಕ್ಕುವಾಗ ಮೂರೂ ಬಾಟಲಿ ತುಂಬಿರಲಿ, ಅದರಲ್ಲೊಂದು ಓಆರ್‌ಎಸ್ ಆಗಿರಲಿ. ನೀರು ಸಿಕ್ಕಲ್ಲೆಲ್ಲ ಅರ್ಧ ಖಾಲಿಯಾದ ಬಾಟಲಿಯನ್ನೂ ತುಂಬಿಸಿಕೊಳ್ಳಿ. ಇಲ್ಲಿ ಕಿಲೋಮೀಟರ್ ಕಲ್ಲಿನ ಆಸರೆಯಿಲ್ಲವಾದ್ದರಿಂದ ಮೊಬೈಲ್‌ನಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಗಂಟೆ ಬಾರಿಸುವಂತೆ ಮಾಡಿಟ್ಟುಕೊಳ್ಳಿ.

ಭೀಮುನಿ ಕೊಲನಿನ ಕಣಿವೆಗೆ ಇಳಿದು ಮತ್ತೆ ಕಲ್ಲಿನ ಮೆಟ್ಟಿಲೇರುವ ಭಾಗವೇ ಇಡೀ ಯಾತ್ರೆಯಲ್ಲಿ ಹೆಚ್ಚು ಬೆವರಿಳಿಸುವುದು. ‘ಇನ್ನೇನು ಬಂದೇಬಿಟ್ಟಿತು’ ಎಂಬ ಉತ್ಸಾಹದಲ್ಲಿ ನೀರು ಮರೆತು ಏರುವವರೇ ಇಲ್ಲಿ ಕುಸಿಯುತ್ತಾರೆ. ಏರುವ ಮೊದಲು ಕೆಳಗೆ ಹತ್ತು ನಿಮಿಷ ಕುಳಿತು, ಕಾಲು ಲೀಟರ್ ಓಆರ್‌ಎಸ್ ಕುಡಿದು ಹೊರಡಿ. ನಡುಹಗಲಿನಲ್ಲಿ ಏರುವುದನ್ನು ಹೇಗಾದರೂ ತಪ್ಪಿಸಿ. ಖಾಲಿ ಬಾಟಲಿಗಳನ್ನು ಕಾಡಿನಲ್ಲಿ ಎಸೆಯದೆ ಜೊತೆಗೇ ತನ್ನಿ.

9. ದೇಹದ ಸೂಚನೆಗಳನ್ನು ಓದಿ

ದಿನಕ್ಕೆರಡು ಬಾರಿ ಮೂತ್ರದ ಬಣ್ಣ ನೋಡಿ. ತೆಳು ಲಿಂಬು ಶರಬತ್ತಿನ ಬಣ್ಣವಿದ್ದರೆ ಸರಿಯಿದೆ. ಅರಿಶಿನ ಕದಡಿದಂತಿದ್ದರೆ ಮೈಯ ನೀರು ಕಡಿಮೆಯಾಗಿದೆ, ಇದೇ ನಿರ್ಜಲೀಕರಣ. ಬಿ ಕಾಂಪ್ಲೆಕ್ಸ್ ಗುಳಿಗೆ ನುಂಗಿದವರಿಗೆ ಈ ಗುರುತು ಹೊಂದುವುದಿಲ್ಲ. ಬೆಳಿಗ್ಗೆಯಿಂದ ನೀರಿನಂತೆ ಬಣ್ಣವೇ ಇಲ್ಲದೆ ಮೇಲಿಂದ ಮೇಲೆ ಹೋಗುತ್ತಿದ್ದರೆ ಅಗತ್ಯಕ್ಕಿಂತ ಹೆಚ್ಚು ಕುಡಿಯುತ್ತಿದ್ದೀರಿ.

ತಲೆನೋವು ಮತ್ತು ವಾಕರಿಕೆ ನೀರು ಕಡಿಮೆಯಾದಾಗಲೂ ಬರುತ್ತವೆ, ಉಪ್ಪು ತೆಳುವಾದಾಗಲೂ ಬರುತ್ತವೆ, ಗೊಂದಲವಾಗುವುದು ಇಲ್ಲಿಯೇ. ಬಾಯಿ ಒಣಗಿ, ಮೂತ್ರ ಗಾಢವಾಗಿದ್ದರೆ ನೆರಳಲ್ಲಿ ಕೂರಿಸಿ ಓಆರ್‌ಎಸ್ ಕೊಡಿ. ಬಾಯಾರಿಕೆಯಿಲ್ಲದೆ, ಹೊಟ್ಟೆಯಲ್ಲಿ ನೀರು ಕುಲುಕುತ್ತಾ, ಬೆರಳುಗಳು ಊದಿದ್ದರೆ ಬರೀ ನೀರು ನಿಲ್ಲಿಸಿ, ಉಪ್ಪಿನ ತಿನಿಸು ಕೊಡಿ. ಮಾತು ತಡವರಿಸಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಕಾಲುನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ಗುಳಿಗೆಗಳನ್ನು ಹಂಚಿಕೊಂಡು ನುಂಗುವ ಚಾಳಿ ಯಾತ್ರೆಯಲ್ಲಿ ಬಹಳ. ಮೈಯಲ್ಲಿ ನೀರು ಕಡಿಮೆಯಿದ್ದಾಗ ಇವು ಮೂತ್ರಪಿಂಡಕ್ಕೆ ನೇರ ಪೆಟ್ಟು ಕೊಡುತ್ತವೆ. ಕಾಲಿಗೆ ಎಣ್ಣೆ ತಿಕ್ಕಿಸಿಕೊಂಡು ಒಂದು ಹೊತ್ತು ಹೆಚ್ಚು ತಂಗುವುದು ಲೇಸು.

ಮೈ ಕೆಂಡದಂತೆ ಸುಡುತ್ತಾ, ಅಸಂಬದ್ಧ ಮಾತು, ತೂರಾಟ, ಎಚ್ಚರ ತಪ್ಪುವಿಕೆ ಕಂಡರೆ ಅದು ಹೀಟ್ ಸ್ಟ್ರೋಕ್, ಅಂದರೆ ದೇಹದ ಒಳಗಿನ ಉಷ್ಣತೆ 40 ಡಿಗ್ರಿ ದಾಟಿ ನಿಯಂತ್ರಣ ತಪ್ಪಿದ ಸ್ಥಿತಿ. ಬೆವರು ಬರುತ್ತಿದೆಯೆಂದು ಸಮಾಧಾನ ಪಡಬೇಡಿ. 108ಕ್ಕೆ ಕರೆ ಮಾಡಿ. ಕರ್ನಾಟಕ ಮತ್ತು ಆಂಧ್ರ ಎರಡರಲ್ಲೂ ಇದೇ ಸಂಖ್ಯೆ. ಆಂಬುಲೆನ್ಸ್ ಬರುವವರೆಗೆ ಕೈಕಟ್ಟಿ ಕಾಯದೆ, ಇರುವ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಬೀಸಿ. ಕತ್ತು, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆಯಿಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸಕ್ಕೆ ಹೋಗುತ್ತದೆ.

10. ತಲುಪಿದ ಮೇಲೆ

ದರ್ಶನದ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ನಡಿಗೆ ಮುಗಿಯಿತೆಂದು ಬಾಟಲಿಯನ್ನು ಕೋಣೆಯಲ್ಲಿ ಬಿಟ್ಟು ಹೋಗುವವರೇ ಸಾಲಿನಲ್ಲಿ ತಲೆತಿರುಗಿ ಬೀಳುತ್ತಾರೆ. ಆ ದಿನವೂ ಎರಡು ಲೋಟ ಮಜ್ಜಿಗೆಯೋ ಓಆರ್‌ಎಸ್ಸೋ ಒಳಗೆ ಹೋಗಲಿ. ಊರಿಗೆ ಬಸ್ಸಿನಲ್ಲಿ ಮರಳಿದ ನಂತರ ಎರಡು ಮೂರು ದಿನ ಮೂತ್ರದ ಬಣ್ಣ ಗಮನಿಸಿ. ಅದು ಕಂದು ಬಣ್ಣಕ್ಕೆ ತಿರುಗಿದ್ದರೆ, ಪ್ರಮಾಣ ತೀರಾ ಕಡಿಮೆಯಾಗಿದ್ದರೆ, ತೊಡೆ-ಮೀನಖಂಡಗಳ ನೋವು ಇಳಿಯದಿದ್ದರೆ, ನಡೆದ ದಿನಗಳನ್ನೂ ನುಂಗಿದ ಗುಳಿಗೆಗಳ ಹೆಸರನ್ನೂ ಚೀಟಿಯಲ್ಲಿ ಬರೆದುಕೊಂಡು ವೈದ್ಯರ ಬಳಿ ಹೋಗಿ. ಯಾತ್ರೆಯಲ್ಲಿ ಹೆಚ್ಚಿಸಿದ ಉಪ್ಪನ್ನು ಮನೆಯ ಊಟದಲ್ಲಿ ಮತ್ತೆ ಮೊದಲಿನಷ್ಟಕ್ಕೆ ಇಳಿಸಿಕೊಳ್ಳಿ.